ಅವ್ವನ ಅಡ್ವಾನ್ಸು

ಶಿಕಾರಿಪುರದ ಆ ಮನೆಗೆ ಕೊಟ್ಟ ಐವತ್ತು ಸಾವಿರ ಅಡ್ವಾನ್ಸು ನನ್ನ ದುಡ್ಡಲ್ಲ, ಅವ್ವನದು. ಅವಳ ಜೀವಮಾನದಲ್ಲಿ ಅವಳ ಕೈಗೆ ಅಂತ ಇಡಿಯಾಗಿ ಬಂದ ದುಡ್ಡು ಅದೊಂದೇ. ಆನವಟ್ಟಿ ಹತ್ತಿರದ ತವರೂರಲ್ಲಿ ಅಜ್ಜನ ಗದ್ದೆಯ ಪಹಣಿಯನ್ನು ಮಾವ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಳ್ಳುವಾಗ ಅಕ್ಕನ ಒಪ್ಪಿಗೆ ಬೇಕಾಯಿತು. ಸೊರಬದ ನೋಂದಣಿ ಕಚೇರಿಯಲ್ಲಿ ಅವ್ವ ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊರಗೆ ಬಂದಳು. ಮಾವ ಅಂಗಿಯ ಒಳಜೇಬಿನಿಂದ ಒಂದು ಕವರು ತೆಗೆದು, 'ಅರಿಶಿನ ಕುಂಕುಮಕ್ಕೆ ಇಟ್ಕ' ಅಂದ. ಗದ್ದೆಯ ಬೆಲೆ ಎಷ್ಟೆಂದು ಗೊತ್ತಿದ್ದ ನಾನು ಮುಖ ತಿರುಗಿಸಿ ನಿಂತೆ. ಅವ್ವ ಕವರನ್ನು ಕಣ್ಣಿಗೊತ್ತಿಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ, 'ತಮ್ಮ ಅಲ್ಲನೇ. ಏನೂ ಕೊಡ್ದೆ ಇದ್ರೂ ನಾನು ಒತ್ತಿ ಬರ್ತಿದ್ದೆ' ಎಂದಳು.

ಆ ದುಡ್ಡು ತಿಂಗಳೂ ಅವಳ ಹತ್ತಿರ ನಿಲ್ಲಲಿಲ್ಲ. ನಾನಾಗ ಶಿಕಾರಿಪುರದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಮದುವೆಯಾದ ಮೂರೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಒಬ್ಬಳೇ ಇರುವ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಯಾರೂ ಮುಂದೆ ಬರುತ್ತಿರಲಿಲ್ಲ. 'ಮನೆಯವರು ಎಲ್ಲಿದಾರೆ?' ಎನ್ನುವ ಪ್ರಶ್ನೆಯಲ್ಲೇ ಮಾತು ಮುಗಿದುಹೋಗುತ್ತಿತ್ತು. ಕಡೆಗೆ ಅವ್ವನನ್ನು ಊರಿಂದ ಕರೆಸಿಕೊಂಡೆ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋದ ಮೊದಲ ಮನೆಯೇ ಸಿಕ್ಕಿತು. ಮಹಡಿಯ ಮೇಲೆ ಮಾಲೀಕರು, ಕೆಳಗೆ ನಾವು. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು.

ಮಾಲೀಕರು ಒಂದು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಾತು ಮೃದು. ಅವ್ವನನ್ನು ನೋಡಿದವರೇ, 'ಹಿರೇರು ಇದ್ರೆ ಮನೆಗೊಂದು ಕಳೆ ನೋಡ್ರಿ. ಬರೇ ಸಣ್ಣ ವಯಸ್ಸಿನೋರಿಗೆ ಕೊಟ್ರೆ ಬೆಳಗಾದ್ರೆ ಬೀಗ, ಸಂಜೆ ಆದ್ರೆ ಟೀವಿ' ಎಂದು ನಕ್ಕರು. ಛಾಪಾ ಕಾಗದದ ಮೇಲೆ ಕರಾರು ಆಯಿತು. ಬಾಡಿಗೆ ನಾಲ್ಕೂವರೆ ಸಾವಿರ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದ ಅಡ್ವಾನ್ಸನ್ನು ಹಿಂತಿರುಗಿಸತಕ್ಕದ್ದು. ಅದನ್ನು ನಾನು ಎರಡು ಸಲ ಓದಿ ಸಹಿ ಮಾಡಿದೆ. ಅವ್ವನಿಗೆ ಹೇಳಿದಾಗ, 'ನನ್ನ ಗದ್ದೆ ಇಲ್ಲಿ ಗ್ವಾಡೆ ಆತು ಬಿಡು' ಎಂದಳು.

ನಾಲ್ಕು ವರ್ಷ ಆ ಮನೆಯಲ್ಲಿದ್ದೆವು. ಒಂದು ತಿಂಗಳೂ ಬಾಡಿಗೆ ತಪ್ಪಲಿಲ್ಲ. ಎರಡನೇ ವರ್ಷ ಮಾಲೀಕರ ಮಗಳು ಹಾವೇರಿ ಕಡೆಯ ಗಂಡನ ಮನೆಯಿಂದ ಹೆರಿಗೆಗೆಂದು ತವರಿಗೆ ಬಂದಳು. ಕೂಸಿಗೆ ನೀರು ಎರೆಯುವವರು ಬೇಕಿತ್ತು. ಗೊತ್ತು ಮಾಡಿದ್ದ ಹೆಂಗಸು ನಾಲ್ಕು ದಿನ ಬಂದು, ಐದನೇ ದಿನ ಇನ್ನೊಂದು ಮನೆಯಲ್ಲಿ ಹೆಚ್ಚು ಕೊಡುತ್ತಾರೆಂದು ನಿಂತುಬಿಟ್ಟಳು. ಮಹಡಿಯ ಮೇಲೆ ಕೂಸು ಅಳುವುದು, ಅಜ್ಜಿಯಾದವಳು ಕೈಕೈ ಹಿಸುಕಿಕೊಳ್ಳುವುದು ಕೇಳಿ ಅವ್ವ ತಾನೇ ಮೆಟ್ಟಿಲು ಹತ್ತಿ ಹೋದಳು. ಊರಲ್ಲಿ ಅದೆಷ್ಟು ಕೂಸುಗಳನ್ನು ಎರೆದಿದ್ದಳೋ ಅವಳಿಗೇ ನೆನಪಿರಲಿಲ್ಲ. ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡು, ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿ ಬೆನ್ನಿಗೆ ತೀಡುವಾಗ ಅವಳ ಮುಖವೇ ಬೇರೆಯಾಗುತ್ತಿತ್ತು. ಯಾರು ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ.

ಮೂರು ತಿಂಗಳು ದಿನವೂ ಹೋದಳು. ಜ್ವರ ಬಂದ ದಿನವೂ ಹೋದಳು. ಕೂಸಿನ ನಾಮಕರಣದ ದಿನ ಮಾಲೀಕರ ಹೆಂಡತಿ ಒಂದು ಸೀರೆ ಉಡಿಗೆ ಹಾಕಿ, 'ದುಡ್ಡು ಎಷ್ಟಾತು ಹೇಳ್ರಿ, ಸಂಕೋಚ ಬ್ಯಾಡ' ಎಂದರೆ ಅವ್ವ ಸೀರೆಯನ್ನಷ್ಟೇ ಇಟ್ಟುಕೊಂಡಳು. 'ಕೂಸಿಗೆ ಎರ್ದಿದ್ದಕ್ಕೆ ಯಾರಾದ್ರೂ ದುಡ್ಡು ಇಸ್ಕತರೇನೇ?' ಆ ಮೇಲೆ ನಮ್ಮಿಬ್ಬರ ಮನೆಗಳ ನಡುವೆ ಬಾಗಿಲು ಅಂತ ಇದ್ದರೂ ಇಲ್ಲದಂತೆಯೇ. ಸಾರು, ಪಲ್ಯ ಮೇಲೆ ಕೆಳಗೆ ಹೋಗುತ್ತಿದ್ದವು. ಬಂದವರ ಮುಂದೆ ಮಾಲೀಕರ ಹೆಂಡತಿ, 'ಇವರು ಬಾಡಿಗೇರಲ್ಲ, ನಮ್ಮ ಮನೇರೇ' ಎನ್ನುತ್ತಿದ್ದರು. ನಾನು ಅದನ್ನು ನಂಬಿದೆ. ನಂಬಬಾರದಿತ್ತು ಎಂದು ಈಗ ಹೇಳುವುದು ಸುಲಭ.

ಅವ್ವನ ಕಾಯಿಲೆ ಮೊದಲು ಗೊತ್ತಾದದ್ದು ನನಗೇ. ಕಾಲು ಊದಿಕೊಂಡಿದೆ ಎಂದಾಗ ಲ್ಯಾಬಿಗೆ ಕರೆದುಕೊಂಡು ಹೋಗಿ ನಾನೇ ರಕ್ತ ತೆಗೆದೆ, ನಾನೇ ಯಂತ್ರಕ್ಕಿಟ್ಟೆ, ನಾನೇ ಓದಿದೆ. ಮೂತ್ರಪಿಂಡ ಕೆಲಸ ಬಿಡುತ್ತಾ ಬಂದಿದೆ ಎಂದು ಹೇಳುವ ಅಂಕಿ. ದಿನಕ್ಕೆ ಹತ್ತು ಜನರಿಗೆ ಆ ಚೀಟಿಯನ್ನು ಮಡಚಿ ಕೊಟ್ಟು 'ಡಾಕ್ಟರಿಗೆ ತೋರಿಸಿ' ಎನ್ನುವವಳು ನಾನು. ಅವತ್ತು ಅದನ್ನು ಮಡಚಲು ಕೈ ಬರಲಿಲ್ಲ. ಮತ್ತೊಂದು ಸಲ ಯಂತ್ರಕ್ಕಿಟ್ಟೆ. ಅದೇ ಅಂಕಿ ಬಂತು.

ಶಿವಮೊಗ್ಗದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಐದು ಸಲ ಹೋದೆವು. ಪ್ರತಿ ಸಲ ಬಂದ ಮೇಲೆ ಎರಡು ದಿನ ಅವಳು ಮಾತೇ ಆಡುತ್ತಿರಲಿಲ್ಲ. ಆರನೇ ಸಲಕ್ಕೆ ಹೊರಡುವ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳದೆ ಬಾಗಿಲಲ್ಲೇ ಕೂತುಬಿಟ್ಟಳು. 'ಬ್ಯಾಡ ಮಗ. ಆ ನಳಿಗೆ ಚುಚ್ಚಿಸ್ಕಂಡು, ಗುರುತಿಲ್ಲದ ಮಂದಿ ಮಧ್ಯೆ, ಬೆಳಕು ಹಾಕ್ಕಂಡೇ ಸಾಯದು ನಂಗೆ ಬ್ಯಾಡ. ಮನೇಲೇ ಬಿಡು' ಎಂದಳು. ನಾನು ಬೈದೆ, ಅಳುತ್ತಾ ಬೇಡಿಕೊಂಡೆ, ಮಾವನಿಗೆ ಫೋನು ಮಾಡಿ ಹೇಳಿಸಿದೆ. ಅವಳು ಜಗ್ಗಲಿಲ್ಲ. ಡಾಕ್ಟರನ್ನು ಕೇಳಿದೆ. 'ಅವರಿಷ್ಟದ ಹಾಗೆ ಮಾಡಿ, ಸಮಾಧಾನವಾಗಿ ಇರಲಿ' ಎಂದರು.

ಅಲ್ಲಿಂದ ಮೇಲಿನ ಮನೆಯವರ ಮಾತಿನ ಧಾಟಿ ಬದಲಾಯಿತು. ಮಾಲೀಕರು ದಿನಕ್ಕೊಮ್ಮೆ ಇಳಿದು ಬಂದು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದರು.

'ಹ್ಯಾಂಗಿದಾರ್ರಿ?'

'ಹಾಗೇ ಇದಾರೆ.'

'ದೊಡ್ಡಾಸ್ಪತ್ರೆಗೆ ಸೇರ್ಸಿದ್ರೆ ಚಲೋ ಇತ್ತು ನೋಡ್ರಿ. ಅಲ್ಲಿ ಎಲ್ಲ ಅನುಕೂಲ ಇರ್ತಾವೆ.'

ಕಾಳಜಿ ಎಂದುಕೊಂಡೆ. ನಾಲ್ಕನೆಯ ದಿನವೋ ಐದನೆಯ ದಿನವೋ ಅದೇ ಮಾತನ್ನು ಹೆಂಡತಿಯೂ ಹೇಳಿದರು. ಮಾರನೆಯ ದಿನ ಮತ್ತೆ ಹೇಳಿದರು. ಆಗ ನನಗೆ ಅರ್ಥವಾಯಿತು. ಅವರು ಅವ್ವ ಬದುಕಲಿ ಎಂದು ಆಸ್ಪತ್ರೆಗೆ ಸೇರಿಸಲು ಹೇಳುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವಳ ಉಸಿರು ಬೇರೆ ಥರ ಆಯಿತು. ನಾನು ಲ್ಯಾಬಿಗೆ ರಜೆ ಹೇಳಿ ಪಕ್ಕದಲ್ಲೇ ಕೂತೆ. ಒಂಬತ್ತೂವರೆ ಹೊತ್ತಿಗೆ ಮಾಲೀಕರು ಬಂದರು. ಒಳಗೆ ಇಣುಕಿ ನೋಡಿ, ನನ್ನನ್ನು ಕೈಸನ್ನೆ ಮಾಡಿ ಕರೆದು, ತಗ್ಗಿದ ದನಿಯಲ್ಲಿ ಹೇಳಿದರು.

'ಉಸುರು ಇರೋವಾಗ್ಲೇ ಹೊರಗೆ ಜಗಲಿ ಮ್ಯಾಲೆ ಮಲಗ್ಸಿದ್ರೆ ಹ್ಯಾಂಗೆ? ನಾನೂ ಒಂದು ಕೈ ಹಿಡೀತೀನಿ.'

'ಯಾಕೆ?'

'ಅಲ್ಲ, ಗಾಳಿ ಬೆಳಕು ಇರ್ತಾವೆ...'

'ಅವಳನ್ನು ಯಾರೂ ಮುಟ್ಟಬೇಡಿ' ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಕೇಳಿಸಿತು. ಅವರು ಮೆಟ್ಟಿಲು ಹತ್ತಿಹೋದರು.

ಹತ್ತು ಗಂಟೆ ದಾಟಿತ್ತು, ಅವ್ವ ಹೋದಳು. ನನ್ನ ಕೈಯಲ್ಲಿ ಅವಳ ಕೈ ಇತ್ತು. ಕಿಟಕಿಯಿಂದ ಬಿಸಿಲು ಮಂಚದ ಕಾಲಿಗೆ ಬಿದ್ದಿತ್ತು. ಹೊರಗೆ ಯಾರೋ ತರಕಾರಿ ಗಾಡಿಯವನು ಕೂಗುತ್ತಿದ್ದ. ಕಷ್ಟಪಡಲಿಲ್ಲ. ಅವಳು ಕೇಳಿಕೊಂಡಂತೆಯೇ ಆಯಿತು ಎನ್ನುವುದೊಂದೇ ನನಗೆ ಆಮೇಲೆ ಎಷ್ಟೋ ದಿನ ಆಸರೆಯಾಗಿದ್ದ ವಿಷಯ.

ನಾನು ಅತ್ತ ಸದ್ದಿಗೆ ಇಬ್ಬರೂ ಇಳಿದು ಬಂದರು. ಹೆಂಡತಿ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತರು. ಗಂಡ ನಡುಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡು ಆ ದಿನದ ಚೌಕದ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಅವ್ವನ ಕಡೆ ತಿರುಗಿದರು. ನಾನು ಅದನ್ನು ನೋಡಿದೆ. ಅತ್ತು ಮಂಜಾದ ಕಣ್ಣಿಗೂ ಅದು ಸ್ಪಷ್ಟವಾಗಿ ಕಂಡಿತು.

ಮಾವ ಗಾಡಿ ತಂದ. ಮಣ್ಣು ತವರೂರಲ್ಲೇ ಆಯಿತು. ನಾನು ಮೂರು ದಿನ ಬಿಟ್ಟು ಶಿಕಾರಿಪುರಕ್ಕೆ ಬಂದರೆ, ಮಾಲೀಕರು ಗೇಟಿನ ಹತ್ತಿರವೇ ಕಾಯುತ್ತಿದ್ದರು.

'ತಪ್ಪು ತಿಳೀಬ್ಯಾಡ್ರಿ ಮೇಡಂ. ನಿಮ್ಮವ್ವ ಧನಿಷ್ಠ ನಕ್ಷತ್ರದಾಗೆ ಹೋಗ್ಯಾರೆ. ಪಂಚಕ ಅದು. ಆರು ತಿಂಗ್ಳು ಮನೆ ಬಾಗ್ಲು ಹಾಕ್ಬೇಕು. ಇಲ್ಲಾಂದ್ರೆ ಮತ್ತೊಂದು ಜೀವ ಕೇಳ್ತದೆ. ಮೇಲೆ ನಾವು ವಯಸ್ಸಾದೋರು ಇರ್ತೀವಿ, ಮೊಮ್ಮಗು ಬಂದು ಹೋಗಿ ಮಾಡ್ತದೆ.'

'ನಾನು ಎಲ್ಲಿಗೆ ಹೋಗ್ಲಿ?'

'ಹದಿನೈದು ದಿನ ತಗೊಳ್ರಿ. ನಾವೇನು ಇವತ್ತೇ ಬಿಡ್ರಿ ಅಂತೀವಾ?'

ಇಂಥದರಲ್ಲಿ ನನಗೆ ನಂಬಿಕೆ ಇಲ್ಲ ಎಂದು ಹೇಳಬಹುದಿತ್ತು. ಆದರೆ ತಾಯಿ ಸತ್ತ ಮೂರನೇ ದಿನ ಯಾವುದರಲ್ಲಿ ನಂಬಿಕೆ ಇದೆ, ಯಾವುದರಲ್ಲಿ ಇಲ್ಲ ಎಂದು ಯಾರಿಗೂ ಖಚಿತವಿರುವುದಿಲ್ಲ. ಮಾವನಿಗೆ ಫೋನು ಮಾಡಿದರೆ, 'ಪಂಚಕ ಅಂದ್ರೆ ಪಂಚಕನೇ. ಅವರು ಹೇಳದ್ರಾಗೆ ಎಂತ ತಪ್ಪೈತೆ?' ಎಂದ. ಹಾಗಾದರೆ ಆರು ತಿಂಗಳು ನಿನ್ನ ಮನೆಯಲ್ಲಿ ಇರಲಾ ಎಂದು ಕೇಳಲಿಲ್ಲ. ಅವನೂ ಬಾ ಎನ್ನಲಿಲ್ಲ.

ನಮ್ಮ ಲ್ಯಾಬಿನವರಿಗೆ ಸೊರಬದಲ್ಲೂ ಒಂದು ಶಾಖೆ ಇತ್ತು. ಅಲ್ಲಿಗೆ ಹಾಕಿ ಎಂದು ಕೇಳಿಕೊಂಡೆ, ಹಾಕಿದರು. ಸೊರಬದಲ್ಲಿ ಮನೆ ತೋರಿಸಿದ ಹೆಂಗಸು ಮೊದಲು ಕೇಳಿದ್ದೇ, 'ಮನೇಲಿ ವಯಸ್ಸಾದವ್ರು, ಕಾಯ್ಲೆ ಕಸಾಲೆಯವ್ರು ಯಾರೂ ಇಲ್ಯಲ್ಲ ಮಾರಾಯ್ತಿ?' ಎಂದು. 'ಯಾರೂ ಇಲ್ಲ' ಎಂದೆ. 'ಒಳ್ಳೇದಾತು' ಎಂದಳು. ಆ ಮನೆಗೆ ಅಡ್ವಾನ್ಸು ಕೊಡಲು ಕೊರಳಲ್ಲಿದ್ದ ಸರವನ್ನು ಅಡವಿಟ್ಟೆ. ಶಿಕಾರಿಪುರದ ದುಡ್ಡು ಬಂದ ಕೂಡಲೇ ಬಿಡಿಸಿಕೊಂಡರಾಯಿತು ಎಂದು ಲೆಕ್ಕ.

ಸಾಮಾನು ಹೇರಿದ ದಿನ ಬೀಗದ ಕೈ ಕೊಡುತ್ತಾ ಅಡ್ವಾನ್ಸಿನ ಮಾತು ಎತ್ತಿದೆ. ಮಾಲೀಕರು ಜೇಬಿಂದ ಒಂದು ಚೀಟಿ ತೆಗೆದರು. ಮೊದಲೇ ಬರೆದಿಟ್ಟುಕೊಂಡಿದ್ದರು. ಆರು ತಿಂಗಳು ಬಾಗಿಲು ಹಾಕಿದ್ದಕ್ಕೆ ಬಾಡಿಗೆ ನಷ್ಟ ಇಪ್ಪತ್ತೇಳು ಸಾವಿರ. ಶಾಂತಿ ಹೋಮಕ್ಕೆ ಎಂಟು. ಸುಣ್ಣಬಣ್ಣಕ್ಕೆ ಒಂಬತ್ತು.

'ಉಳಿದದ್ದು ಆರು ಸಾವಿರ. ಅದನ್ನ ಶಾಂತಿ ಮುಗಿದ ಮೇಲೆ ಕೊಡ್ತೀನಿ. ಹೆಚ್ಚು ಕಡಿಮೆ ಆದ್ರೆ ಬೇಕಲ್ಲ.'

'ಕರಾರಿನಲ್ಲಿ ಒಂದು ತಿಂಗಳ ಬಾಡಿಗೆ ಅಂತ ಇದೆ ಅಷ್ಟೇ.'

'ಕರಾರಿನಾಗೆ ಮನೇಲಿ ಹೆಣ ಬೀಳ್ತದೆ ಅಂತ್ಲೂ ಬರ್ದಿಲ್ಲ ಮೇಡಂ.'

ಮೃದು ಮಾತಿನ ಮನುಷ್ಯ ಅದನ್ನೂ ಮೃದುವಾಗಿಯೇ ಹೇಳಿದರು. ಮೇಲಿನ ಕಿಟಕಿಯಲ್ಲಿ ಅವರ ಹೆಂಡತಿ ನಿಂತಿದ್ದರು. ನಾನು ತಲೆ ಎತ್ತಿ ನೋಡಿದೆ. ಅವರು ಒಳಗೆ ಸರಿದರು. ಅವ್ವನನ್ನು ಯಾರಾದರೂ 'ಹೆಣ' ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಹತ್ತಿ ಕೂತೆ.

ಆಮೇಲೆ ಸುಮಾರು ಎರಡು ತಿಂಗಳು ನನ್ನ ಭಾನುವಾರಗಳೆಲ್ಲ ಸೊರಬ-ಶಿಕಾರಿಪುರದ ಬಸ್ಸಿನಲ್ಲೇ ಕಳೆದವು. ಶಿರಾಳಕೊಪ್ಪದಲ್ಲಿ ಇಳಿದು ಬಸ್ಸು ಬದಲಿಸಬೇಕು, ಕೆಲವು ದಿನ ನೇರ ಬಸ್ಸು ಸಿಗುತ್ತಿತ್ತು. ಮೆಕ್ಕೆಜೋಳದ ಕಾಲ. ರಸ್ತೆಯ ಅರ್ಧಕ್ಕೆ ಜೋಳ ಹರಡಿ ಒಣಹಾಕಿದ್ದರು, ಬಸ್ಸು ಇನ್ನರ್ಧದಲ್ಲಿ ನಿಧಾನಕ್ಕೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರ ಹೋದಾಗ ಒಂದೂ ನೆನಪಾಗುತ್ತಿರಲಿಲ್ಲ. ಒಂದು ಸಲ ಮಾಲೀಕರು ಮದುವೆಗೆ ಹೋಗಿದ್ದರು. ಇನ್ನೊಂದು ಸಲ ಮಲಗಿದ್ದಾರೆ ಎಂದು ಹೆಂಡತಿ ಮೇಲಿನಿಂದಲೇ ಹೇಳಿದರು. ಮತ್ತೊಂದು ಸಲ ಸಿಕ್ಕರು, ಪುರೋಹಿತರು ಇನ್ನೂ ಒಳ್ಳೆಯ ದಿನ ಹೇಳಿಲ್ಲ ಎಂದರು. ಯಾವ ಸಲವೂ ಗೇಟಿನೊಳಗೆ ಕರೆಯಲಿಲ್ಲ. ನಾಲ್ಕು ವರ್ಷ ಸಾರು ಹಂಚಿಕೊಂಡವರ ಮನೆಯ ಗೇಟಿನ ಹೊರಗೆ ನಿಂತು, ನೀರಿನ ಬಾಟಲಿ ಬ್ಯಾಗಿನಿಂದ ತೆಗೆದು ಕುಡಿದೆ.

ಸೊರಬದಲ್ಲಿ ಒಬ್ಬ ವಕೀಲರನ್ನು ಕೇಳಿದೆ. ಸಕ್ಕರೆ ಕಾಯಿಲೆಯವರು, ಲ್ಯಾಬಿಗೆ ರಕ್ತ ಕೊಡಲು ಬರುತ್ತಿದ್ದರು. ತೋಳು ಚಾಚಿಕೊಂಡೇ ಸಲಹೆ ಕೊಟ್ಟರು. 'ಕಾಗದ ನಿಮ್ಮ ಕಡೆಗೇ ಐತೆ, ಕೇಸು ಗೆಲ್ತೀರಿ. ಆದ್ರೆ ಗೆಲ್ಲೋ ಹೊತ್ತಿಗೆ ನಿಮಗೆ ಆ ಊರಿಗೆ ಓಡಾಡಿ ಓಡಾಡಿ ಮಂಡಿ ಸವೆದಿರ್ತದೆ. ಒಂದು ನೋಟೀಸು ಕಳಿಸಿ ನೋಡಣ.' ನೋಟೀಸು ಕಳಿಸಿದೆವು. ಉತ್ತರ ಬರಲಿಲ್ಲ.

ಎರಡು ತಿಂಗಳಾಗುತ್ತಾ ಬಂದಿತ್ತು. ಒಂದು ಭಾನುವಾರ ಹೋದಾಗ ಗೇಟು ತೆರೆದೇ ಇತ್ತು. ಕೆಳಗಿನ ಮನೆಯ ಮುಂದೆ ರಂಗೋಲಿ. ಪಕ್ಕದ ತಂತಿಯ ಮೇಲೆ ಗಂಡಸಿನ ಅಂಗಿ, ಎರಡು ನೈಟಿ. ಬಾಗಿಲಲ್ಲಿ ಒಬ್ಬ ಹುಡುಗಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಏಳೆಂಟು ತಿಂಗಳ ಬಸುರಿ. ಆರು ತಿಂಗಳು ಬಾಗಿಲು ಹಾಕಬೇಕಾದ ಮನೆ.

ನನ್ನನ್ನು ನೋಡಿ ಅವಳೇ ಕೇಳಿದಳು, 'ಯಾರು ಬೇಕಿತ್ರಿ? ಮೇಲಿನೋರು ಗುಡಿಗೆ ಹೋಗ್ಯಾರೆ, ಈಗ ಬರ್ತಾರೆ. ಬರ್ರಿ, ಒಳಗೆ ಕೂಡ್ರಿ. ಬಿಸ್ಲು ಐತೆ.'

ಒಳಗೆ ಹೋದೆ. ಹೋಗಬಾರದಿತ್ತೇನೋ. ನಡುಮನೆಯಲ್ಲಿ ಅದೇ ಹಳದಿ ಬಣ್ಣ. ಸುಣ್ಣವೂ ಹೊಡೆಸಿರಲಿಲ್ಲ. ನಾವು ಕ್ಯಾಲೆಂಡರು ಹಾಕುತ್ತಿದ್ದ ಜಾಗದಲ್ಲಿ ಬಿಳಿಚಿಕೊಂಡ ಚೌಕ ಹಾಗೇ ಇತ್ತು. ಕೋಣೆಯಲ್ಲಿ ಅವ್ವನ ಮಂಚ ಇದ್ದ ಮೂಲೆಯಲ್ಲೇ ಇವರದ್ದೂ ಮಂಚ. ಅವಳು ನೀರು ಕೊಟ್ಟಳು. ಗಂಡ ಒಂದು ಶಾಲೆಯಲ್ಲಿ ಮೇಷ್ಟ್ರು, ಮನೆಗೆ ಬಂದು ವಾರವೂ ಆಗಿಲ್ಲ ಎಂದಳು. ಅಂದರೆ ನಾನು ಖಾಲಿ ಮಾಡಿ ಎರಡು ತಿಂಗಳೂ ತುಂಬುವ ಮೊದಲೇ ಕೊಟ್ಟಿದ್ದರು.

'ನೀವು ಅವರ ಸಂಬಂಧಿಕರಾ?'

'ಇಲ್ಲ. ಇದೇ ಮನೆಯಲ್ಲಿ ಮೊದಲು ನಾವಿದ್ದೆವು.'

ಅವಳ ಮುಖ ತಟ್ಟನೆ ಬದಲಾಯಿತು. ಅಕ್ಕಿಯ ಮೊರ ಪಕ್ಕಕ್ಕಿಟ್ಟು ಹತ್ತಿರ ಬಂದಳು. 'ಅಕ್ಕಾರೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಓಣ್ಯಾಗೆ ಯಾರೋ ಅಂದ್ರು. ಈ ಮನ್ಯಾಗೆ ಒಬ್ಬ ಅಜ್ಜಿ...' ಅಷ್ಟು ಹೇಳಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. 'ಮೇಲಿನೋರನ್ನ ಕೇಳಿದ್ರೆ ಹಂಗೇನಿಲ್ಲ ಅಂತಾರೆ. ನಮ್ಮತ್ತೆಗೆ ಗೊತ್ತಾದ್ರೆ ಇಲ್ಲಿ ಬಾಣಂತನ ಮಾಡಾಕೆ ಬಿಡಲ್ಲ. ನಂಗೂ ನಿದ್ದೆ ಬರವಲ್ದು.'

ನಾನು ಬಾಯಿ ತೆರೆದೆ, ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮಾಲೀಕರು, ಅವರ ಹೆಂಡತಿ. ನನ್ನನ್ನು ಒಳಗೆ ಕಂಡವರೇ ಇಬ್ಬರ ಮುಖದ ಬಣ್ಣವೂ ಇಳಿಯಿತು. 'ಓಹೋ, ಮೇಡಂ! ಬರ್ರಿ ಬರ್ರಿ, ಮೇಲೆ ಬರ್ರಿ, ಟೀ ಕುಡಿಯೋಣ' ಎಂದು ಮಾಲೀಕರು ನನ್ನ ಬ್ಯಾಗನ್ನೇ ಕೈಗೆತ್ತಿಕೊಂಡರು.

ಮೇಲೆ ಹೋದೆವು. ಕೂರಲು ಹೇಳಿದರು. ನಾನು ನಿಂತೇ ಕೇಳಿದೆ.

'ಆರು ತಿಂಗಳು ಬಾಗಿಲು ಹಾಕಬೇಕು ಅಂದಿರಿ. ನನ್ನನ್ನು ಹದಿನೈದು ದಿನದಲ್ಲಿ ಹೊರಗೆ ಹಾಕಿದಿರಿ.'

ಅವರು ಸೋಫಾದ ಬಟ್ಟೆ ಸರಿಮಾಡಿದರು. 'ಪುರೋಹಿತರನ್ನ ಕೇಳಿದ್ವಿ. ಗೋಮೂತ್ರ ಹಾಕಿ ತೊಳ್ಸಿದ್ರೂ ನಡೀತದೆ ಅಂದ್ರು.'

'ಹೋಮ?'

'ಅದು... ಮಾಡಸ್ತೀವಿ.'

'ಬಣ್ಣ?'

ಅವರು ಅಡುಗೆಮನೆಯ ಕಡೆ ತಿರುಗಿ ನೋಡಿದರು. ಹೆಂಡತಿ ಟೀ ತಂದಿಟ್ಟು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರು ಎಂದು ನಾನು ಹೇಳಲಾರೆ. 'ನಿಮ್ಮವ್ವ ದೇವರಂಥೋರ್ರೀ. ನಮ್ಮ ಕೂಸಿನ ಮೈ ಕಟ್ಟಿದ್ದು ಅವರ ಕೈ.'

'ದೇವರಂಥವರು ಹೋದ ಮನೆಗೆ ಶಾಂತಿ ಯಾಕೆ ಬೇಕಿತ್ತು?'

ಅವರು ಕೈ ಬಿಟ್ಟರು. ಆಗ ಮಾಲೀಕರು ನೇರವಾಗಿ ವಿಷಯಕ್ಕೆ ಬಂದರು. ಕರಾರಿನಂತೆಯೇ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದ ಅಷ್ಟೂ ದುಡ್ಡನ್ನು ಇವತ್ತೇ ಹಾಕುತ್ತೇನೆ, ಫೋನಿನಲ್ಲೇ ಹಾಕುತ್ತೇನೆ ಎಂದರು. ಒಂದು ಉಪಕಾರ ಆಗಬೇಕು.

'ಕೆಳಗಿನ ಹುಡುಗಿ ಹೆದರ್ಕೊಂಡೈತೆ. ಬಿಟ್ಟು ಹೋದ್ರೆ ಓಣಿಗೆಲ್ಲ ಸುದ್ದಿ ಆಗ್ತದೆ, ಮತ್ತೆ ಯಾರೂ ಬರಲ್ಲ. ನಾವು ಹೇಳಿದ್ರೆ ನಂಬವಲ್ಲಳು. ನಿಮ್ಮ ಬಾಯಾಗೇ ಒಂದು ಮಾತು ಬಂದ್ರೆ ನಂಬ್ತಾಳೆ. ಅವ್ವ ಆಸ್ಪತ್ರ್ಯಾಗೆ ಹೋದ್ರು ಅಂದ್ರಾತು. ಅಷ್ಟೇ.'

ನಾನು ಕುರ್ಚಿಯ ಮೇಲೆ ಕೂತೆ. ಕೂತದ್ದೇ ಒಪ್ಪಿಗೆ ಎಂದು ಅವರಿಗೆ ಗೊತ್ತಾಯಿತು ಎಂದು ಕಾಣುತ್ತದೆ. ಟೀ ಲೋಟವನ್ನು ನನ್ನ ಕಡೆ ಸರಿಸಿದರು.

ಆ ಹೊತ್ತಿನಲ್ಲಿ ನನಗೆ ನಾನೇ ಏನೇನೋ ಹೇಳಿಕೊಂಡೆ. ಬಸುರಿ ಹುಡುಗಿ, ನಿಜ ಹೇಳಿ ಹೆದರಿಸಿದರೆ ಪಾಪ ಬರುತ್ತದೆ. ನಿಜ ಹೇಳಿದರೆ ಅವ್ವ ಈ ಓಣಿಯಲ್ಲಿ ದೆವ್ವವಾಗಿ ಉಳಿಯುತ್ತಾಳೆ, ಇದ್ದಷ್ಟು ದಿನ ಕೂಸುಗಳನ್ನು ಎರೆದವಳ ಹೆಸರು ಹೇಳಿ ಕೂಸುಗಳನ್ನು ಹೆದರಿಸುತ್ತಾರೆ. ಇವೆಲ್ಲ ಸರಿಯಾದ ಕಾರಣಗಳೇ. ಆದರೆ ಕೆಳಗೆ ಆ ಹುಡುಗಿ ಕೇಳಿದಾಗ ಇವು ಯಾವುವೂ ನನಗೆ ಹೊಳೆದಿರಲಿಲ್ಲ. ಆಗ ನಾನು ನಿಜ ಹೇಳಲೆಂದೇ ಬಾಯಿ ತೆರೆದಿದ್ದೆ. ಕಾರಣಗಳು ಹೊಳೆದದ್ದು ದುಡ್ಡಿನ ಮಾತು ಬಂದ ಮೇಲೆ.

'ಮೊದಲು ದುಡ್ಡು ಹಾಕಿ' ಎಂದೆ.

'ಮೊದಲು ಮಾತು ಮುಗೀಲಿ' ಎಂದರು ಅವರು.

ಕಡೆಗೆ ಅರ್ಧ ಮೊದಲು, ಅರ್ಧ ಆಮೇಲೆ ಎಂದಾಯಿತು. ಅವರು ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿದರು. ನನ್ನ ಫೋನು ಸದ್ದು ಮಾಡಿತು. ನೋಡಿಕೊಂಡೆ. ಎದ್ದು ಕೆಳಗಿಳಿದೆ. ಅವರಿಬ್ಬರೂ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತರು.

ಹುಡುಗಿ ಬಾಗಿಲಲ್ಲೇ ಇದ್ದಳು.

'ನೀವು ಕೇಳಿದ್ರಲ್ಲ, ಆ ಅಜ್ಜಿ ನಮ್ಮವ್ವ' ಎಂದೆ. 'ಇಲ್ಲಿ ಇದ್ದದ್ದು ಹೌದು. ಹೋದದ್ದು ಇಲ್ಲಲ್ಲ.'

'ಮತ್ತೆಲ್ಲಿ?'

'ಶಿವಮೊಗ್ಗದಲ್ಲಿ. ಆಸ್ಪತ್ರೆಯಲ್ಲಿ.'

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳ ಕಣ್ಣಲ್ಲಿ ಇನ್ನೂ ಅನುಮಾನ ಇತ್ತು, ಮೆಟ್ಟಿಲ ಮೇಲೆ ಅವರು ಕಾಯುತ್ತಿದ್ದರು. ನಾನು ಮುಂದುವರಿಸಿದೆ. ಹದಿನೈದು ದಿನ ಅಲ್ಲೇ ಸೇರಿಸಿದ್ದೆವು ಎಂದೆ. ಕಿಟಕಿ ಪಕ್ಕದ ಹಾಸಿಗೆ ಎಂದೆ. ಮೂಗಿಗೆ ನಳಿಗೆ ಹಾಕಿದ್ದರು, ಕಡೆಗೆ ಮಾತು ನಿಂತಿತ್ತು, ನಾನು ಔಷಧಿ ತರಲು ಹೊರಗೆ ಹೋಗಿದ್ದಾಗ ಜೀವ ಹೋಯಿತು, ಹತ್ತಿರ ಒಬ್ಬ ನರ್ಸ್ ಇದ್ದಳಷ್ಟೆ ಎಂದೆ. ಒಂದೊಂದು ಮಾತೂ ಸಲೀಸಾಗಿ ಬಂತು. ಅವ್ವ ಬೇಡ ಬೇಡವೆಂದು ಹಟ ಹಿಡಿದು ತಪ್ಪಿಸಿಕೊಂಡಿದ್ದ ಸಾವನ್ನೇ ತಂದು ಅವಳ ಮೇಲೆ ಹೊದಿಸಿದೆ.

ಹುಡುಗಿ ಉಸಿರು ಬಿಟ್ಟಳು. 'ಅಯ್ಯೋ ಪಾಪ, ಒಬ್ರೇ ಇದ್ದಾಗ ಹೋದ್ರಾ' ಎಂದು ನನ್ನ ತೋಳು ಸವರಿದಳು. ಆಮೇಲೆ ಎಷ್ಟೋ ಹಗುರಾದ ದನಿಯಲ್ಲಿ, 'ಊಟ ಮಾಡ್ಕೊಂಡು ಹೋಗ್ರಿ ಅಕ್ಕಾರೆ' ಎಂದಳು. ಬಸ್ಸಿಗೆ ಹೊತ್ತಾಯಿತು ಎಂದೆ.

ಉಳಿದ ಅರ್ಧ ಬಂದದ್ದು ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ. ಮೋಸ ಮಾಡಿದರೇನೋ ಎಂದು ಅಲ್ಲಿಯವರೆಗೂ ಫೋನನ್ನು ಅಂಗೈಯಲ್ಲೇ ಹಿಡಿದು ಕೂತಿದ್ದೆ. ಸಂದೇಶ ಓದಿ, ಎರಡನ್ನೂ ಕೂಡಿಸಿ ನೋಡಿದೆ. ನಲವತ್ತೈದು ಸಾವಿರದ ಐನೂರು. ಪೂರ್ತಿ. ಆಗ ನನಗೆ ಆದದ್ದು ಸಂತೋಷ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಗುವನ್ನು ಮಾತಾಡಿಸುವಷ್ಟು ಸಂತೋಷ. ಅದು ಸೊರಬದ ಬಸ್ ನಿಲ್ದಾಣದವರೆಗೂ ಇತ್ತು. ಮನೆಗೆ ಹೋಗಿ ಬೀಗ ತೆಗೆದು, ದೀಪ ಹಾಕಿ, ಅವ್ವನ ಫೋಟೋದ ಕಡೆ ನೋಡದೆ ಅಡುಗೆಮನೆಗೆ ಹೋದಾಗ ಅದು ಇರಲಿಲ್ಲ.

ಮಾರನೆಯ ದಿನ ಸರ ಬಿಡಿಸಿಕೊಂಡೆ. ಕೊರಳಿಗೆ ಹಾಕಿಕೊಂಡು ಲ್ಯಾಬಿಗೆ ಹೋದೆ. ಉಳಿದ ದುಡ್ಡು ಇನ್ನೂ ಬ್ಯಾಂಕಿನಲ್ಲಿದೆ. ಅವ್ವನ ಹೆಸರಲ್ಲಿ ಏನಾದರೂ ಮಾಡಬೇಕು ಎಂದುಕೊಳ್ಳುತ್ತೇನೆ, ಏನು ಎಂದು ತೋಚುವುದಿಲ್ಲ.

ವರ್ಷದ ಕಾರ್ಯ ಮಾವನ ಮನೆಯಲ್ಲೇ ಆಯಿತು. ಊಟಕ್ಕೆ ಕೂತಾಗ ಮಾವ ಎಲೆಯ ತುದಿಗೆ ಉಪ್ಪು ಸರಿಸುತ್ತಾ ಕೇಳಿದ.

'ಶಿಕಾರಿಪುರದ ದುಡ್ಡು ಬಂತನೇ?'

'ಬಂತು.'

'ಪೂರಾ?'

'ಪೂರಾ.'

'ನೋಡು ಮತ್ತೆ. ಸುಮ್ನೆ ಅವರನ್ನ ಬಯ್ತಿದ್ದಿ. ಒಳ್ಳೆ ಜನ ಅವ್ರು' ಎಂದ. ನಂತರ ಪಂಕ್ತಿಯ ಕಡೆ ತಿರುಗಿ, ಅಕ್ಕ ಕಡೆಗಾಲದಲ್ಲಿ ಎಂಥ ಪುಣ್ಯವಂತರ ಮನೆಯಲ್ಲಿದ್ದಳು ಎಂದು ಎಲ್ಲರಿಗೂ ಕೇಳುವಂತೆ ಹೇಳತೊಡಗಿದ. ಬಡಿಸುವವರು ಪಾಯಸ ತಂದರು. ನಾನು ಸಾಕು ಎನ್ನಲಿಲ್ಲ, ಬಡಿಸಿದಷ್ಟನ್ನೂ ತಿಂದೆ.